ಮಗು ಮೈಯಿಂದ ಹೇಳುವ ಮಾತು

ಹೊಟ್ಟೆನೋವು ಅಂತ ಮಗು ಶಾಲೆಗೆ ಹೋಗಲ್ಲ. ಸ್ಕ್ಯಾನಿಂಗ್‌ನಲ್ಲಿ ಏನೂ ಸಿಗಲ್ಲ. ಏಳು ವರ್ಷಕ್ಕೆ ಮತ್ತೆ ಹಾಸಿಗೆ ಒದ್ದೆಯಾಗತೊಡಗುತ್ತದೆ. ಕಾರಣ ಬೇರೆಯೂ ಇರಬಹುದು. ಆದರೆ ದೌರ್ಜನ್ಯಕ್ಕೊಳಗಾದ ಎಷ್ಟೋ ಮಕ್ಕಳು ಬಾಯಿಬಿಡುವ ಮೊದಲು ಹೀಗೆ ಮೈಯಿಂದಲೇ ಹೇಳುತ್ತಾರೆ.

ಬೆಂಗಳೂರಿನ ಬಿಳೇಕಹಳ್ಳಿಯಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಡೇರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಅಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಇಂಥ ಮಕ್ಕಳ ಚಿಕಿತ್ಸೆಯಲ್ಲಿ ಮಗುವನ್ನು ಕೂರಿಸಿ ಪ್ರಶ್ನೆಗಳ ಮಳೆ ಸುರಿಸುವುದಿಲ್ಲ. ಗೊಂಬೆ, ಚಿತ್ರ, ಕತೆಗಳ ಮೂಲಕ ಮಾತು ನಿಧಾನಕ್ಕೆ ಹೊರಬರುತ್ತದೆ. ಬಿಡಿಸಬೇಕಾದ ಅತಿ ಕಠಿಣ ಗಂಟು, ‘ತಪ್ಪು ನನ್ನದೇ’ ಎಂಬ ನಂಬಿಕೆ. ಮನೆಯವರು ‘ಆಗಲೇ ಯಾಕೆ ಹೇಳಲಿಲ್ಲ?’ ಅಂದುಬಿಟ್ಟರೆ ಆ ಗಂಟು ಇನ್ನೂ ಬಿಗಿಯುತ್ತದೆ.

ದೂರು ಕೊಡಲು ಠಾಣೆಯ ಭಯ ಬೇಡ.

ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಅದೇ ಕಾಯ್ದೆಯ 2020ರ ನಿಯಮಗಳ ಪ್ರಕಾರ ತನಿಖೆ, ವಿಚಾರಣೆಯುದ್ದಕ್ಕೂ ಜೊತೆಗಿರಲು ಒಬ್ಬ ಸಹಾಯಕರನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸಬಹುದು.

ಅನುಮಾನ ಬಂದರೆ ಸಾಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಾಲ್ಯದ ನೋವನ್ನು ಹೊತ್ತೇ ದೊಡ್ಡವರಾದವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ: ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.