100 ವಿದ್ಯಾರ್ಥಿಗಳಿದ್ದರೆ ಆಪ್ತ ಸಮಾಲೋಚಕರು ಕಡ್ಡಾಯ: ನಮ್ಮೂರ ಕಾಲೇಜಲ್ಲಿ ಯಾರಿದ್ದಾರೆ?

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರಾದರೂ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಆದೇಶಿಸಿದೆ. ವಿಶಾಖಪಟ್ಟಣಕ್ಕೆ ನೀಟ್ ಕೋಚಿಂಗ್‌ಗೆ ಹೋಗಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಇದು. ಸರ್ಕಾರ ಪ್ರತ್ಯೇಕ ಕಾನೂನು ಮಾಡುವವರೆಗೆ ಇದನ್ನೇ ಪಾಲಿಸಬೇಕು. ಸರ್ಕಾರಿ ಡಿಗ್ರಿ ಕಾಲೇಜು, ಪ್ರೈವೇಟ್ ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್ ಯಾವುದಕ್ಕೂ ವಿನಾಯಿತಿ ಇಲ್ಲ.

100ಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಿಸಬೇಕು. ಸಹಾಯವಾಣಿ ನಂಬರನ್ನು ತರಗತಿ, ಹಾಸ್ಟೆಲ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು. ಮಗನನ್ನೋ ಮಗಳನ್ನೋ ಅಡ್ಮಿಷನ್ ಮಾಡಿಸೋಕೆ ಹೋದಾಗ ಫೀಸು, ಬಸ್ ಪಾಸ್ ಬಗ್ಗೆ ಕೇಳೋ ತಂದೆ ತಾಯಿ ಇದನ್ನೂ ಕೇಳಬಹುದು.

ದೇಶದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044 ಅನ್ನುತ್ತೆ ಎನ್‌ಸಿಆರ್‌ಬಿ ವರದಿ. ಪರೀಕ್ಷೆ ಫೇಲ್ ಆದದ್ದೇ ಕಾರಣ ಅಂತ ಅದೇ ವರ್ಷ ದಾಖಲಾದ ಸಾವು 2,248. ಅಂದರೆ ಮಾರ್ಕ್ಸ್ ಒಂದೇ ಅಲ್ಲ. ಮನೆ ಜಗಳ, ದುಡ್ಡಿನ ತಾಪತ್ರಯ, ಪ್ರೀತಿ, ಕಾಯಿಲೆ ಎಲ್ಲಾ ಇದೆ. ಫಸ್ಟ್ ಕ್ಲಾಸ್ ಬರೋ ಹುಡುಗಿಗೆ ಏನೂ ತೊಂದರೆ ಇಲ್ಲ ಅಂದ್ಕೊಳ್ಳೋದು ತಪ್ಪು.

ನಮ್ಮಂಥ ಊರುಗಳಲ್ಲಿ ಬದಲಾವಣೆ ಮೊದಲು ಕಣ್ಣಿಗೆ ಬೀಳೋದು ಎಷ್ಟೋ ಸಲ ಲೆಕ್ಚರರ್‌ಗಲ್ಲ, ಮೆಸ್‌ನವರಿಗೆ, ರೂಮ್ ಬಾಡಿಗೆ ಕೊಟ್ಟವರಿಗೆ, ಟೀ ಅಂಗಡಿಯವರಿಗೆ. ದಿನಾ ಬರ್ತಿದ್ದ ಹುಡುಗ ಊಟಕ್ಕೆ ಬರೋದು ಬಿಡ್ತಾನೆ. ಸ್ನೇಹಿತರ ಜೊತೆ ಸೇರಲ್ಲ, ಸ್ನಾನ ಮಾಡಲ್ಲ, ಇಷ್ಟದ ವಸ್ತುಗಳನ್ನ ಯಾರ್‍ಯಾರಿಗೋ ಕೊಟ್ಟುಬಿಡ್ತಾನೆ, 'ನಾನಿದ್ದು ಏನು ಪ್ರಯೋಜನ' ಅಂತಾನೆ. ಆಗ ಬುದ್ಧಿವಾದ ಬೇಡ. 'ಏನಪ್ಪಾ, ನಾಲ್ಕು ದಿನದಿಂದ ಊಟಕ್ಕೇ ಬಂದಿಲ್ಲ?' ಅಂತ ಕೂರಿಸಿ ಕೇಳಿದರೆ ಸಾಕು, ಮಾತು ಶುರುವಾಗುತ್ತೆ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ್ದನ್ನ ತಲೆಗೆ ತುಂಬಿದಂಗೆ ಅನ್ನೋ ಭಯ ಬಹಳ ಜನಕ್ಕಿದೆ. ಹಾಗೇನೂ ಆಗಲ್ಲ, ಕೇಳಿದರೆ ಅವರ ಭಾರ ಇಳಿಯುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯವರಿಗೋ ಕಾಲೇಜಿಗೋ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೊಲೀಸ್ ಕೇಸ್ ಆಗುತ್ತೆ ಅಂತ ಮುಚ್ಚಿಡೋರು ಇದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ.

ಫೋನ್‌ನಲ್ಲಿ ಮಾತಾಡೋಕೆ ಟೆಲಿ ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಮಾಲೋಚಕರು ಕೇಳಿಸಿಕೊಳ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ಕನೆಕ್ಟ್ ಮಾಡ್ತಾರೆ. ವಿದ್ಯಾರ್ಥಿಯೇ ಮಾಡಬೇಕಂತಿಲ್ಲ, ಗಾಬರಿಯಾದ ರೂಮ್‌ಮೇಟ್ ಅಥವಾ ಪಿಜಿ ಓನರ್ ಕೂಡ ಮಾಡಬಹುದು. ಜೆರಾಕ್ಸ್ ಅಂಗಡಿ, ಮೆಸ್ ಗೋಡೆ ಮೇಲೆ ಈ ಐದಂಕಿ ಬರೆದು ಅಂಟಿಸೋಕೆ ಯಾರ ಪರ್ಮಿಷನ್ನೂ ಬೇಕಿಲ್ಲ.

ಎದುರಾ ಎದುರು ಡಾಕ್ಟರನ್ನೇ ನೋಡಬೇಕು ಅನ್ನೋರಿಗೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವಿದೆ. ಅಷ್ಟು ದೂರ ಆಗದವರಿಗೆ 'ಮನೋಚೈತನ್ಯ' ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರ್ತಾರೆ, ಮಂಗಳವಾರದ ದಿನ. ಯಾವ ಮಂಗಳವಾರ ಅನ್ನೋದನ್ನ ಆಸ್ಪತ್ರೆಯ ಓಪಿಡಿ ಚೀಟಿ ಕೌಂಟರ್‌ನಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ.