ಮಂಡ್ಯ ಸೀಮೆಯಲ್ಲಿ ಕ್ರೈಸ್ತ ಸೇವಾಧರ್ಮ: ಗಂಜಾಮಿನ ಅಬ್ಬೆ ದುಬ್ವಾ

ಒಂದು ಮತದ ಸ್ವರೂಪವನ್ನು ಅರಿಯುವುದಕ್ಕೆ ಎರಡು ಮಾರ್ಗಗಳುಂಟು. ಅದರ ಗ್ರಂಥಗಳನ್ನು ಓದಿ ಸಿದ್ಧಾಂತವನ್ನು ತಿಳಿಯುವುದು ಒಂದು. ಆ ಸಿದ್ಧಾಂತವನ್ನು ನಂಬಿದವರು ತಮ್ಮ ನೆರೆಹೊರೆಯ ಜನರೊಡನೆ ಹೇಗೆ ಬಾಳಿದರೆಂಬುದನ್ನು ನೋಡುವುದು ಮತ್ತೊಂದು. ಪ್ರಕೃತ ಲೇಖನದಲ್ಲಿ ನಾವು ಎರಡನೆಯ ಮಾರ್ಗವನ್ನು ಹಿಡಿದಿದ್ದೇವೆ. ತ್ಯಾಗ, ಪ್ರೀತಿ, ಸೇವೆ ಎಂಬ ಮೂರು ಮಾತುಗಳು ಕ್ರೈಸ್ತ ಜೀವನದ ಸಾರವೆಂದು ಎಲ್ಲರೂ ಹೇಳುತ್ತಾರೆ. ಈ ಮಾತುಗಳು ನಮ್ಮ ಮಂಡ್ಯ ಸೀಮೆಯಲ್ಲಿ ಒಬ್ಬ ವ್ಯಕ್ತಿಯ ಬಾಳಿನಲ್ಲಿ ಯಾವ ರೂಪವನ್ನು ತಾಳಿದುವು, ಎಷ್ಟರಮಟ್ಟಿಗೆ ಸಫಲವಾದುವು, ಎಲ್ಲಿ ಸೋತುವು ಎಂಬುದನ್ನು ವಿಚಾರಿಸುವುದೇ ನಮ್ಮ ಉದ್ದೇಶ.

1. ತತ್ತ್ವ

ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಪ್ರೀತಿಗೆ 'ಅಗಾಪೆ' ಎಂಬ ಶಬ್ದವೂ ಸೇವೆಗೆ 'ದಿಯಾಕೋನಿಯಾ' ಎಂಬ ಶಬ್ದವೂ ಬಳಕೆಯಾಗಿವೆ. ಮೊದಲನೆಯದು ಪ್ರತಿಫಲವನ್ನು ಎಣಿಸದ ಪ್ರೀತಿ. ಎರಡನೆಯದರ ಮೊದಲ ಅರ್ಥ ಊಟಕ್ಕೆ ಬಡಿಸುವ ಕೆಲಸ ಮೊದಲಾದ ಪರಿಚರ್ಯೆ. ಈ ಸಾಮಾನ್ಯ ಪದವೇ ಮುಂದೆ ಧರ್ಮಸಭೆಯ ಒಂದು ಪವಿತ್ರ ಪದವಿಯ ಹೆಸರಿಗೆ ಮೂಲವಾಯಿತೆಂಬುದು ಗಮನಾರ್ಹ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅಂತ್ಯತೀರ್ಪಿನ ಚಿತ್ರವೊಂದಿದೆ. ಹಸಿದವನಿಗೆ ಅನ್ನವಿತ್ತೆಯೋ, ರೋಗಿಯನ್ನು ನೋಡಿಕೊಂಡೆಯೋ, ಪರದೇಶಿಯನ್ನು ಒಳಕ್ಕೆ ಕರೆದೆಯೋ ಎಂಬುದೇ ಅಲ್ಲಿಯ ಪ್ರಶ್ನೆ. ಅತ್ಯಂತ ಅಲ್ಪನಾದವನಿಗೆ ಮಾಡಿದ ಉಪಚಾರ ದೇವರಿಗೇ ಸಲ್ಲುತ್ತದೆಂಬುದು ಅದರ ತಾತ್ಪರ್ಯ. ದೊಡ್ಡವನಾಗಬೇಕೆಂದಿರುವವನು ಎಲ್ಲರ ಸೇವಕನಾಗಲಿ ಎಂಬ ಉಪದೇಶವು ಮಾರ್ಕನ ಸುವಾರ್ತೆಯಲ್ಲಿದೆ.

ಈ ಭಾವ ಮಂಡ್ಯ ಸೀಮೆಯ ಜನಕ್ಕೆ ಅಪರಿಚಿತವಾದುದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ನೀಲಗಾರರು ಹಾಡುವ ಮಹಾಕಾವ್ಯದಲ್ಲಿ ಮಂಟೇಸ್ವಾಮಿ ಮೈಯೆಲ್ಲ ಹುಣ್ಣಾದ, ದುರ್ಗಂಧ ಸೂಸುವ ಭಿಕ್ಷುಕನಾಗಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ, ಬಾಗಿಲವರು ಅಟ್ಟುತ್ತಾರೆ, ಬಸವಣ್ಣ ಗುರುತಿಸಿ ಬರಮಾಡಿಕೊಳ್ಳುತ್ತಾನೆ. ಅಲ್ಪನ ರೂಪದಲ್ಲಿ ಬಂದ ದೊಡ್ಡವನನ್ನು ಗುರುತಿಸುವುದೇ ಭಕ್ತಿಯ ಒರೆಗಲ್ಲೆಂಬ ನಿಲುವು ಎರಡೂ ಕಡೆ ಒಂದೇ. ಈ ಸೀಮೆಯ ಜನ ಮಂಟೇಸ್ವಾಮಿಯನ್ನು 'ಧರೆಗೆ ದೊಡ್ಡವರು' ಎಂದು ಕರೆಯುತ್ತಾರೆ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

2. ದೇಶ ಮತ್ತು ಕಾಲ

ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದುದು 1939ರಲ್ಲಿ. ಶ್ರೀರಂಗಪಟ್ಟಣವು ಈ ಜಿಲ್ಲೆಗೇ ಸೇರಿದೆ. ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳ ಮೂಲಕ ಅಲ್ಲಿಗೆ ಬರುವ ದಾರಿಯೂ ಪೂರ್ವದಲ್ಲಿ ಮಳವಳ್ಳಿಯ ಬಯಲೂ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸೈನ್ಯಗಳ ನಡೆಗೆ ಸಿಕ್ಕಿದ್ದುವು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಯುದ್ಧವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ ಫ್ರಾನ್ಸಿಸ್ ಬುಕಾನನ್ ಮದ್ದೂರು, ಮಂಡ್ಯಗಳನ್ನು ಹಾದು ಶ್ರೀರಂಗಪಟ್ಟಣಕ್ಕೆ ಬಂದು ಯುದ್ಧಾನಂತರದ ನಾಡಿನ ಸ್ಥಿತಿಯನ್ನು ಬರೆದಿಟ್ಟನು.

ಈ ಪ್ರದೇಶಕ್ಕೆ ಕ್ರೈಸ್ತಮತ ಅದಕ್ಕಿಂತ ಬಹಳ ಮೊದಲೇ ಬಂದಿತ್ತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಬುನಾದಿ ಹಾಕಿದರು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ಹೀಗೆ 1799ರಲ್ಲಿ ಆ ದ್ವೀಪದಲ್ಲಿ ಉಳಿದಿದ್ದ ಕ್ರೈಸ್ತರು ಚದುರಿದ, ಬಡವಾದ, ಗುರುವಿಲ್ಲದ ಜನ.

3. ದುಬ್ವಾ ಅವರ ಬಾಳುವೆ

ಈ ಜನರ ನಡುವೆ ನೆಲೆಸಲು ಬಂದವರು ಝಾನ್ ಆಂತ್ವಾನ್ ದುಬ್ವಾ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದ ಇವರು 1792ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, ತಾಯ್ನಾಡನ್ನು ಬಿಟ್ಟು ಭಾರತಕ್ಕೆ ಹೊರಟರು. ಕೆಲವು ವರ್ಷ ತಮಿಳುನಾಡಿನ ಕಡೆ ಕೆಲಸ ಮಾಡಿ, ಶ್ರೀರಂಗಪಟ್ಟಣದ ಪತನಾನಂತರ ಗಂಜಾಮಿನಲ್ಲಿ ನೆಲೆ ಮಾಡಿಕೊಂಡರು. ಅಲ್ಲಿ ಅವರು ಕಟ್ಟಿಸಿದ ಇಗರ್ಜಿ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ತ್ಯಾಗವೆಂಬುದು ಅವರ ಬಾಳಿನಲ್ಲಿ ದಿನಚರಿಯಾಗಿತ್ತು. ದೇಶೀಯರ ಉಡುಪನ್ನು ತೊಟ್ಟರು. ಇಲ್ಲಿಯ ಆಹಾರಕ್ರಮವನ್ನು ಅನುಸರಿಸಿದರು. ಯುರೋಪಿಯನ್ನರ ಸಹವಾಸದಿಂದ ದೂರವಿದ್ದು ಇಲ್ಲಿಯ ನುಡಿಗಳನ್ನು ಕಲಿತರು. ಕನ್ನಡವೂ ಅವುಗಳಲ್ಲೊಂದು. 1826ರಲ್ಲಿ ಅವರು ಫ್ರೆಂಚಿನಲ್ಲಿ ಪ್ರಕಟಿಸಿದ ಪಂಚತಂತ್ರಕ್ಕೆ ತಮಿಳು, ತೆಲುಗು ಪ್ರತಿಗಳೊಡನೆ ಕನ್ನಡದ ಪ್ರತಿಯೂ ಆಧಾರವಾಗಿತ್ತು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು.

4. ಸಿಡುಬು ಮತ್ತು ಸೇವೆ

ಅವರ ಸೇವೆಯ ಅತ್ಯಂತ ಸ್ಪಷ್ಟವಾದ ದೃಷ್ಟಾಂತ ಸಿಡುಬಿನ ಲಸಿಕೆಯದು. ಮೈಲಿಯೆಂದೂ ಅಮ್ಮನೆಂದೂ ಜನ ಅಂಜಿ ಪೂಜಿಸುತ್ತಿದ್ದ ಈ ಬೇನೆ ಊರಿಗೆ ಬಂದರೆ ಮಕ್ಕಳು ಸಾಲಾಗಿ ಸಾಯುತ್ತಿದ್ದರು. ಉಳಿದವರಲ್ಲಿ ಹಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಹಸುವಿನ ಸಿಡುಬಿನ ರಸವನ್ನು ಮನುಷ್ಯನ ಮೈಗೆ ಸೇರಿಸಿದರೆ ಸಿಡುಬು ತಗಲದೆಂಬುದನ್ನು ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗದಿಂದ ಕಂಡು 1798ರಲ್ಲಿ ಪ್ರಕಟಿಸಿದನು. 1802ರ ಜೂನಿನಲ್ಲಿ ಈ ಲಸಿಕೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಯನ್ನು ಮುಟ್ಟಿತು.

ಅಂದಿನ ವಿಧಾನವನ್ನು ಇಲ್ಲಿ ವಿವರಿಸಬೇಕು. ಇಲ್ಲದಿದ್ದರೆ ಕಾರ್ಯದ ಕಷ್ಟ ತಿಳಿಯದು. ಲಸಿಕೆಯನ್ನು ಸೀಸೆಯಲ್ಲಿ ಕೂಡಿಟ್ಟು ಒಯ್ಯುವಂತಿರಲಿಲ್ಲ. ನಮ್ಮ ಸೆಕೆಯಲ್ಲಿ ಅದು ಬಹುಬೇಗ ನಿರ್ವೀರ್ಯವಾಗುತ್ತಿತ್ತು. ಒಂದು ಮಗುವಿನ ತೋಳಿಗೆ ಹಾಕಿದ ಲಸಿಕೆ ಸುಮಾರು ಎಂಟನೆಯ ದಿನ ಗುಳ್ಳೆಯಾಗುತ್ತದೆ. ಆ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು, ಅಲ್ಲಿಂದ ಇನ್ನೊಂದಕ್ಕೆ. ಸರಪಣಿ ಎಲ್ಲಿಯಾದರೂ ತುಂಡಾದರೆ ಕೆಲಸವೇ ನಿಂತಿತು. ಅಂದರೆ ಒಬ್ಬರ ಮಗುವಿನ ಮೈಯ ರಸ ಇನ್ನೊಬ್ಬರ ಮಗುವಿನ ಮೈಗೆ ಹೋಗಬೇಕು. ಮಡಿಮೈಲಿಗೆಗಳು ಬಲವಾಗಿದ್ದ ಸಮಾಜದಲ್ಲಿ, ದೇವಿಯ ಮುನಿಸಿಗೆ ಹೆದರುವ ತಾಯಂದಿರನ್ನು ಇದಕ್ಕೆ ಒಪ್ಪಿಸುವುದು ಆಜ್ಞೆಯಿಂದ ಆಗುವಂಥದಲ್ಲ. ನಂಬಿಕೆಯಿಂದ ಮಾತ್ರ ಆಗುವಂಥದು. ಜನರ ನಡುವೆ ಜನರಂತೆ ಬಾಳಿದ ಪಾದ್ರಿಗೆ ಆ ನಂಬಿಕೆ ದೊರೆತಿತ್ತು. 1803-04ರ ಅವಧಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಲಸಿಕೆ ಹಾಕಿಸಿಕೊಂಡು ದಾಖಲಾದವರ ಸಂಖ್ಯೆ ಅವರ ವರದಿಯ ಪ್ರಕಾರ 25,432.

ಈ ಕಾರ್ಯವನ್ನು ಒಬ್ಬರ ದಯೆಯಿಂದಲೇ ನಡೆದದ್ದೆಂದು ಹೇಳುವುದು ಅತಿಶಯೋಕ್ತಿಯಾದೀತು. ಲಸಿಕೆಯನ್ನು ಹರಡುವುದು ಕಂಪನಿ ಸರ್ಕಾರದ ಧೋರಣೆಯೂ ಆಗಿತ್ತು. ಅರಮನೆಯ ಬೆಂಬಲವೂ ಇತ್ತು. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರ ಲಸಿಕೆಯ ಪ್ರಚಾರಕ್ಕಾಗಿ ಬರೆದುದೆಂದು ಇತಿಹಾಸಕಾರ ನೈಜಲ್ ಚಾನ್ಸಲರ್ ಪ್ರತಿಪಾದಿಸಿದ್ದಾರೆ. ಆದರೂ ಸರ್ಕಾರದ ಧೋರಣೆಗೂ ಹಳ್ಳಿಯ ತಾಯಿಯ ಮಡಿಲಿಗೂ ನಡುವೆ ಇರುವ ದೂರವನ್ನು ಯಾರಾದರೊಬ್ಬರು ನಡೆದೇ ದಾಟಬೇಕು.

5. ತೂಗಿನೋಟ

ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. 1823ರಲ್ಲಿ ದುಬ್ವಾ ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪುಸ್ತಕರೂಪವಾಗಿ ಹೊರಬಂದುವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ಒಬ್ಬ ದೇಶೀಯ ಸಹಾಯಕನ ನೆರವಿದ್ದೂ, ತಾವು ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಜನ ಮಾತ್ರವೆಂದು ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರಲ್ಲಿಯೂ ಹೆಚ್ಚಿನವರು ಲೌಕಿಕ ಕಾರಣಗಳಿಂದ ಬಂದವರೆಂಬ ಕೊರಗು ಅವರದು. ತಮ್ಮ ಜೀವನದ ಮುಖ್ಯೋದ್ದೇಶ ವಿಫಲವಾಯಿತೆಂದೇ ಅವರು ಭಾವಿಸಿದ್ದರು.

ಒಂದು ಕಡೆ ಕಾಲು ಶತಮಾನದಲ್ಲಿ ಮುನ್ನೂರು. ಇನ್ನೊಂದು ಕಡೆ ಅಲ್ಪಕಾಲದಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೇಲೆ. ಮೊದಲನೆಯದು ಮತಪ್ರಚಾರಕನ ಲೆಕ್ಕ. ಎರಡನೆಯದು ಸೇವಕನ ಲೆಕ್ಕ. ಮತ್ತಾಯನ ಸುವಾರ್ತೆಯ ಪ್ರಶ್ನೆಪತ್ರಿಕೆಯಲ್ಲಿ ಕೇಳಿರುವುದು ಎರಡನೆಯ ಲೆಕ್ಕವನ್ನೇ ಎಂಬುದನ್ನು ನಾವು ಮರೆಯಬಾರದು. ಲಸಿಕೆ ಹಾಕಿಸಿಕೊಂಡ ಮಗು ತನ್ನ ಮನೆಯ ದೇವರನ್ನು ಬಿಡಬೇಕಾಗಿರಲಿಲ್ಲ. ಕೊಟ್ಟವರಿಗೆ ಅದರಿಂದ ಒಬ್ಬ ಅನುಯಾಯಿಯೂ ಹೆಚ್ಚಲಿಲ್ಲ. ಅಗಾಪೆಯೆಂದರೆ ಪ್ರತಿಫಲವನ್ನು ಎಣಿಸದ ಪ್ರೀತಿ ಎಂಬ ಲಕ್ಷಣ ಇಲ್ಲಿಯೇ ಸಾರ್ಥಕವಾಯಿತು.

ಆದರೆ ಸತ್ಯನಿಷ್ಠೆ ಮತ್ತೊಂದು ಮಾತನ್ನೂ ಬೇಡುತ್ತದೆ. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ದುಬ್ವಾ ಅವರ ಪ್ರಸಿದ್ಧ ಗ್ರಂಥದಲ್ಲಿ ಈ ದೇಶದ ಜನರ ಬಗ್ಗೆ ಕಟುವಾದ, ಎಷ್ಟೋ ಕಡೆ ಅನ್ಯಾಯವಾದ ಮಾತುಗಳಿವೆ. ಅದರ ಬಹುಭಾಗ ಹಿಂದಿನ ಜೆಸ್ಯೂಟ್ ಪಾದ್ರಿ ಕ್ಯೂರ್ದು ಅವರ ಬರಹವನ್ನು ಅವಲಂಬಿಸಿದೆಯೆಂಬುದನ್ನು ಸಿಲ್ವಿಯಾ ಮುರ್ 1987ರ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಜಾತಿಪದ್ಧತಿಯನ್ನು ಆ ಗ್ರಂಥ ಸಮಾಜದ ರಕ್ಷಾಕವಚವೆಂದು ಸಮರ್ಥಿಸುತ್ತದೆ. ಅತ್ಯಲ್ಪನಾದವನಲ್ಲಿ ದೇವರನ್ನು ಕಾಣಬೇಕೆಂಬ ಧರ್ಮವನ್ನು ಸಾರಲು ಬಂದವರು ಹೀಗೆ ಬರೆದುದು ಸಣ್ಣ ವಿರೋಧಾಭಾಸವಲ್ಲ. ಅವರ ಲೇಖನಿ ಯಾವ ಗೆರೆಗಳನ್ನು ಕಾಪಾಡಬೇಕೆಂದಿತೋ ಆ ಗೆರೆಗಳನ್ನು ತೋಳಿನಿಂದ ತೋಳಿಗೆ ಹರಿದ ಲಸಿಕೆ ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅವರ ಕೈ ಅವರ ಗ್ರಂಥಕ್ಕಿಂತ ಹೆಚ್ಚು ಕ್ರೈಸ್ತವಾಗಿತ್ತು.

6. ಉಪಸಂಹಾರ

ದುಬ್ವಾ 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರ ನಂತರವೂ ಈ ಸೀಮೆಯ ಸುತ್ತ ಸೇವೆಯ ಪರಂಪರೆ ಬೆಳೆಯಿತು; 1906ರಲ್ಲಿ ಮೆಥಡಿಸ್ಟ್ ಮಿಷನ್ನಿನವರು ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, ಇದಕ್ಕೆ ಸಾಕ್ಷಿ. ಸಿಡುಬಂತೂ 1980ರಲ್ಲಿ ಇಡೀ ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ದೀರ್ಘ ಸರಪಣಿಯ ಮೊದಲ ಕೊಂಡಿಗಳಲ್ಲಿ ನಮ್ಮ ನಾಡಿನ ಮಕ್ಕಳ ತೋಳುಗಳೂ ಇದ್ದುವು.

ಒಂದೇ ಜಿಲ್ಲೆಯ ಪೂರ್ವದಲ್ಲಿ ಬೊಪ್ಪೇಗೌಡನಪುರದ ಗದ್ದುಗೆ, ಪಶ್ಚಿಮದಲ್ಲಿ ಗಂಜಾಮಿನ ಇಗರ್ಜಿ. ಒಬ್ಬರು 'ಧರೆಗೆ ದೊಡ್ಡವರು', ಮತ್ತೊಬ್ಬರು 'ದೊಡ್ಡ ಸ್ವಾಮಿಯವರು'. ಇಬ್ಬರೂ ಒಂದೇ ತೂಕದವರೆಂದು ನಾವು ಹೇಳುತ್ತಿಲ್ಲ. ಅವರ ದಾರಿಗಳೂ ಬೇರೆ, ಕಾಲವೂ ಬೇರೆ. ಆದರೆ ಇಲ್ಲಿಯ ಜನ ದೊಡ್ಡತನವನ್ನು ಅಳೆದ ಕೋಲು ಒಂದೇ: ಹುಣ್ಣಿಗೆ ಹೇಸದೆ ಹತ್ತಿರಕ್ಕೆ ಬಂದವರು ಯಾರು ಎಂಬುದು. ಮತಗಳನ್ನು ತೌಲನಿಕವಾಗಿ ಅಭ್ಯಸಿಸುವ ವಿದ್ಯಾರ್ಥಿ ಸಿದ್ಧಾಂತಗಳ ಭೇದವನ್ನು ತಿಳಿದಮೇಲೆ ಈ ಕೋಲನ್ನೂ ಕೈಗೆ ತೆಗೆದುಕೊಳ್ಳಲಿ ಎಂಬುದು ನಮ್ಮ ವಿಜ್ಞಾಪನೆ.