ಪರಮಾಣುವಿನೊಳಗೆ ಸೌರಮಂಡಲ ಇಲ್ಲ

ನಡುವೆ ಪ್ರೋಟಾನು, ನ್ಯೂಟ್ರಾನುಗಳಿರುವ ನ್ಯೂಕ್ಲಿಯಸ್, ಹೊರಗೆ ಎಲೆಕ್ಟ್ರಾನುಗಳು. ಪರಮಾಣುವಿನ ಬಗ್ಗೆ ಇಷ್ಟು ಹೈಸ್ಕೂಲಿನಲ್ಲೇ ಕೇಳಿರುತ್ತೀರಿ. ತೊಡಕು ಇರುವುದು ಪಾಠದ ಜೊತೆ ಬಂದ ಚಿತ್ರದಲ್ಲಿ. ಸೂರ್ಯನ ಸುತ್ತ ಗ್ರಹಗಳಿದ್ದಂತೆ ಎಲೆಕ್ಟ್ರಾನುಗಳನ್ನು ತೋರಿಸುವ ಆ ಚಿತ್ರ ಒಮ್ಮೆ ತಲೆಹೊಕ್ಕರೆ ಹೊರಡುವುದೇ ಇಲ್ಲ.

ಪರಮಾಣುವನ್ನು ಒಡೆಯಲಾಗದು ಎಂಬುದು ಡಾಲ್ಟನ್ನನ ಕಾಲದ ಮಾತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ ಅದು ನಿಲ್ಲಲಿಲ್ಲ. ಧನ ವಿದ್ಯುತ್ತು ಪರಮಾಣುವಿನ ತುಂಬ ಹರಡಿಕೊಂಡಿದೆ, ಅದರಲ್ಲಿ ಎಲೆಕ್ಟ್ರಾನುಗಳು ಹುದುಗಿವೆ ಎಂದು 1904ರಲ್ಲಿ ಆತ ಲೆಕ್ಕ ಸಮೇತ ಮಂಡಿಸಿದ. ಈಗ ಅದನ್ನು ನೋಡಿ ನಗುವುದು ಸುಲಭ.

ಮುಂದಿನದು ನನಗೆ ಎಷ್ಟು ಸಲ ಹೇಳಿದರೂ ಸಾಲದ ಭಾಗ. 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರದರ್‌ಫರ್ಡ್‌ನ ಜೊತೆಗಾರ ಗೈಗರ್ ಮತ್ತು ಇಪ್ಪತ್ತರ ಹರೆಯದ ವಿದ್ಯಾರ್ಥಿ ಮಾರ್ಸ್‌ಡೆನ್ ತೆಳ್ಳನೆಯ ಲೋಹದ ರೇಕುಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಕಣ ಬಂದು ಬಡಿದರೆ ಜಿಂಕ್ ಸಲ್ಫೈಡ್ ಬಳಿದ ಪರದೆಯಲ್ಲಿ ಚಿಕ್ಕದೊಂದು ಮಿನುಗು. ಕತ್ತಲ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಆ ಮಿನುಗುಗಳನ್ನು ಒಂದೊಂದಾಗಿ ಎಣಿಸಬೇಕಿತ್ತು. ಸುಮಾರು 0.0004 ಮಿಲಿಮೀಟರ್ ದಪ್ಪದ ಚಿನ್ನದ ರೇಕಿನಲ್ಲಿ ಬಹುಪಾಲು ಕಣಗಳು ಹೆಚ್ಚೆಂದರೆ ಒಂದೆರಡು ಡಿಗ್ರಿ ಸರಿದು ಹಾದುಹೋದವು. ಆದರೆ ಇಪ್ಪತ್ತು ಸಾವಿರಕ್ಕೆ ಒಂದರಷ್ಟು, ಸರಾಸರಿ 90 ಡಿಗ್ರಿ ತಿರುಗಿದವು!

'ನೂರಾರು ಪರಮಾಣುಗಳು ಸ್ವಲ್ಪ ಸ್ವಲ್ಪವೇ ತಿರುಗಿಸಿ ಒಟ್ಟಾಗಿ ಅಷ್ಟಾಗಿರಬಾರದೇಕೆ?' ಎಂದು ಜಾಣರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜಾತ್ರೆಯ ನೂಕುನುಗ್ಗಲಿನಲ್ಲಿ ನಡೆಯುವವರಿಗೆ ಎಡದಿಂದಲೂ ಬಲದಿಂದಲೂ ತಳ್ಳು ಬೀಳುತ್ತದೆ. ಒಂದನ್ನೊಂದು ಹೊಡೆದುಹಾಕುವುದರಿಂದ ದಾರಿ ತಪ್ಪುವುದು ಕೊಂಚವೇ. ಕಣದ ಪಾಡೂ ಅದೇ. ಬಿಡಿ ತಳ್ಳುಗಳು ಕೂಡಿ 90 ಡಿಗ್ರಿ ಆಗುವ ಸಾಧ್ಯತೆ ಲೆಕ್ಕದಲ್ಲಿ ಇಪ್ಪತ್ತು ಸಾವಿರಕ್ಕೆ ಒಂದರ ಹತ್ತಿರಕ್ಕೂ ಬರುವುದಿಲ್ಲ. ಎಲೆಕ್ಟ್ರಾನಿನ ಏಳು ಸಾವಿರ ಪಟ್ಟಿಗೂ ಹೆಚ್ಚು ತೂಕದ ಆಲ್ಫಾ ಕಣವನ್ನು ಎಲೆಕ್ಟ್ರಾನು ತಿರುಗಿಸುವ ಮಾತೂ ಇಲ್ಲ. ಹಾಗಾದರೆ ಒಂದೇ ಭೇಟಿಯಲ್ಲಿ ಜೋರಾದ ಹೊಡೆತ ಬಿದ್ದಿರಬೇಕು. ಅದಕ್ಕೆ ಇಡೀ ಪರಮಾಣುವಿನ ವಿದ್ಯುತ್ತು ಒಂದು ಚುಕ್ಕೆಯಲ್ಲಿ ಒತ್ತರಿಸಿಕೊಂಡಿರಬೇಕು. ರದರ್‌ಫರ್ಡ್ 1911ರಲ್ಲಿ ತಲುಪಿದ ತೀರ್ಮಾನ ಇದು. ನ್ಯೂಕ್ಲಿಯಸ್ಸನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ, ಲೆಕ್ಕ ಬೇರೆ ದಾರಿ ಬಿಡಲಿಲ್ಲ, ಅಷ್ಟೇ.

ಸೌರಮಂಡಲದ ಚಿತ್ರ ಹೀಗೆ ಹುಟ್ಟಿತು. ಹುಟ್ಟುವಾಗಲೇ ಅದಕ್ಕೆ ರೋಗವಿತ್ತು. ಭೂಮಿ ಸುತ್ತುತ್ತಲೇ ಇದ್ದರೂ ಸೂರ್ಯನೊಳಗೆ ಬೀಳುವುದಿಲ್ಲವಲ್ಲ ಎನ್ನಬಹುದು. ಆದರೆ ಎಲೆಕ್ಟ್ರಾನಿಗೆ ವಿದ್ಯುದಂಶವಿದೆ. ಹಳೆಯ ಭೌತಶಾಸ್ತ್ರದ ಪ್ರಕಾರ, ವಿದ್ಯುದಂಶ ಹೊತ್ತದ್ದು ಸುತ್ತು ಹೊಡೆಯುತ್ತಿದ್ದರೆ ಬೆಳಕು ಸೂಸಿ ಶಕ್ತಿ ಕಳೆದುಕೊಳ್ಳುತ್ತದೆ. ಹೈಡ್ರೋಜನ್ನಿನ ಎಲೆಕ್ಟ್ರಾನು ಸೆಕೆಂಡಿನ ಹತ್ತು ಸಾವಿರ ಕೋಟಿಯ ಒಂದು ಭಾಗದಷ್ಟು ಹೊತ್ತಿನಲ್ಲೇ ನ್ಯೂಕ್ಲಿಯಸ್ಸಿಗೆ ಬಿದ್ದುಹೋಗಬೇಕಿತ್ತು.

1913ರಲ್ಲಿ ಬೋರ್, ಕೆಲವೇ ಕಕ್ಷೆಗಳಿಗೆ ಅನುಮತಿ, ಅಲ್ಲಿದ್ದಾಗ ಬೆಳಕು ಸೂಸುವಂತಿಲ್ಲ, ಒಂದರಿಂದ ಕೆಳಗಿನದಕ್ಕೆ ಜಿಗಿದಾಗ ಮಾತ್ರ ಸೂಸಬಹುದು ಎಂದು ಕಟ್ಟಳೆ ಹಾಕಿದ. ಧಾರ್ಷ್ಟ್ಯವೇ ಸರಿ. ಆದರೆ ಹೈಡ್ರೋಜನ್ನಿನ ಬೆಳಕಿನಲ್ಲಿ ಕಾಣುವ 656 ನ್ಯಾನೊಮೀಟರಿನ ಕೆಂಪು ರೇಖೆ, 486ರ ನೀಲಿಹಸಿರು ರೇಖೆ ಆ ಲೆಕ್ಕದಲ್ಲಿ ಕರಾರುವಾಕ್ಕಾಗಿ ಕೂತವು. ಎರಡೇ ಎಲೆಕ್ಟ್ರಾನುಗಳ ಹೀಲಿಯಮ್ಮಿಗೆ ಬಂದರೆ ಲೆಕ್ಕ ಕೈಕೊಟ್ಟಿತು.

1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಕಕ್ಷೆಯೇ ಹೋಯಿತು. ಈಗ ಎಲೆಕ್ಟ್ರಾನು ಎಲ್ಲಿ ಸಿಗುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು. ಪುಸ್ತಕದಲ್ಲಿ ಮೋಡದಂತೆ ಬರೆಯುವುದು ಆ ಸಂಭವವನ್ನು. ಅದು ಹಿಂಜಿದ ಎಲೆಕ್ಟ್ರಾನಲ್ಲ. ಹೈಡ್ರೋಜನ್ನಿನ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಂತೂ ಎಲೆಕ್ಟ್ರಾನಿಗೆ ಕಕ್ಷೆಯ ಕೋನೀಯ ಸಂವೇಗ ಸೊನ್ನೆ, ಅಂದರೆ ಗ್ರಹದಂತೆ ಸುತ್ತುವುದೇ ಇಲ್ಲ! ಮತ್ತೇಕೆ ಬೀಳುವುದಿಲ್ಲ? ಚಿಕ್ಕ ಜಾಗದಲ್ಲಿ ಒತ್ತಿದಷ್ಟೂ ಅದರ ಚಲನಶಕ್ತಿ ಏರುತ್ತದೆ. ಸೆಳೆತವೂ ಈ ಏರಿಕೆಯೂ ಸರಿದೂಗುವ ಗಾತ್ರದಲ್ಲಿ ಪರಮಾಣು ನಿಲ್ಲುತ್ತದೆ.

ಇಷ್ಟು ಓದಿ ಪುಸ್ತಕ ಮುಚ್ಚಬೇಡಿ. ಹಳೆಯ ಸಿಡಿಯೊಂದನ್ನು ಹುಡುಕಿ, ರಾತ್ರಿ ಸಿಎಫ್‌ಎಲ್ ಬಲ್ಬಿನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಣ್ಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ಹಸಿರಿನಲ್ಲಿ ಪಾದರಸದ 546 ನ್ಯಾನೊಮೀಟರಿನ ರೇಖೆ ಸೇರಿದೆ. ಅದಾದ ಮೇಲೆ ಎಲ್‌ಇಡಿ ಬಲ್ಬಿನ ಕೆಳಗೂ ಹಿಡಿಯಿರಿ. ಎರಡೂ ಏಕೆ ಬೇರೆಯಾಗಿವೆ ಎಂದು ಭೌತಶಾಸ್ತ್ರದ ಮೇಷ್ಟ್ರನ್ನು ಹಿಡಿದು ಕೂರಿಸಿ ಕೇಳಿ.